ಲಕ್ಷ್ಮಣತೀರ್ಥ ಹೊಳೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ದಕ್ಷಿಣ ಕೊಡಗಿನಲ್ಲಿ, ಶ್ರೀಮಂಗಲದ ಕಡೆ. ಅಕ್ಕ ತೋಟದ ಮನೆಯಲ್ಲೇ ಹೋಂಸ್ಟೇ ನಡೆಸುತ್ತಾಳೆ. ಬಂದವರು ಇರ್ಪು ಜಲಪಾತ ನೋಡಿಕೊಂಡು ಬಂದು, ಸಂಜೆ ಕಾಫಿ ಕುಡಿಯುತ್ತಾ ಹೊಳೆಯ ಬಗ್ಗೆ ಕೇಳುತ್ತಾರೆ. ಈ ಹೊಳೆ ನೋಡಿಕೊಂಡೇ ಬೆಳೆದವನು ನಾನು. ಹಾಗಾಗಿ ಉತ್ತರ ಹೇಳುವ ಕೆಲಸ ನನಗೇ ಬರುತ್ತದೆ. ಜಾಸ್ತಿ ಸಲ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಲಕ್ಷ್ಮಣತೀರ್ಥ ನದಿಯೋ, ಹೊಳೆಯೋ?

ಭೂಪಟದಲ್ಲಿ ನದಿ. ನಮ್ಮ ಬಾಯಲ್ಲಿ ಹೊಳೆ. "ಹೊಳೆ ಏರಿದೆಯಾ?", "ಹೊಳೆ ಆಚೆ ಗದ್ದೆ" ಅಂತಲೇ ಮಾತು. ನದಿ ಅನ್ನುವ ಪದವನ್ನು ನಾನು ಮೊದಲು ಕೇಳಿದ್ದು ಶಾಲೆಯಲ್ಲಿ, ಕಾವೇರಿಯ ಉಪನದಿಗಳ ಪಾಠದಲ್ಲಿ. ಪಟ್ಟಿಯಲ್ಲಿ ಹೇಮಾವತಿ, ಹಾರಂಗಿ, ಕಬಿನಿ ಜೊತೆ ಲಕ್ಷ್ಮಣತೀರ್ಥವೂ ಇತ್ತು. ನಮ್ಮ ಮನೆ ಕೆಳಗಿನ ಹೊಳೆ ಪುಸ್ತಕದಲ್ಲೂ ಇದೆ ಅಂತ ಆವತ್ತು ಎಷ್ಟು ಹಿಗ್ಗಿದ್ದೆನೋ! ಕೊಡಗಿನೊಳಗೆ ಇದು ಸಣ್ಣ ಹೊಳೆಯೇ. ಬೇಸಿಗೆಯಲ್ಲಿ ಬಂಡೆಯಿಂದ ಬಂಡೆಗೆ ಕಾಲಿಟ್ಟು ದಾಟುವ ಜಾಗಗಳಿವೆ.

ಎಲ್ಲಿ ಹುಟ್ಟುತ್ತದೆ?

ಬ್ರಹ್ಮಗಿರಿ ಸಾಲಿನಲ್ಲಿ. ಕೊಡಗಿನ ದಕ್ಷಿಣದ ಅಂಚು ಅದು, ಬೆಟ್ಟದ ಆಚೆ ಕೇರಳದ ವಯನಾಡು. ಬ್ರಹ್ಮಗಿರಿ ಶಿಖರದ ಎತ್ತರ 1608 ಮೀಟರ್. "ಮೂಲ ತೋರಿಸಿ" ಅಂತ ಕೇಳಿದರೆ ಬೆರಳಿಟ್ಟು ತೋರಿಸಲು ತಲಕಾವೇರಿಯ ಹಾಗೆ ಒಂದು ಕುಂಡಿಕೆ ಇಲ್ಲ. ಮೇಲೆ ಹುಲ್ಲುಗಾವಲು, ಅದರ ಮಡಿಕೆಗಳಲ್ಲಿ ಶೋಲಾ, ಅಂದರೆ ಕುಳ್ಳ ಮರಗಳ ದಟ್ಟ ಕಾಡು. ಆ ಕಾಡಿನ ಒಳಗಿಂದ ಸಣ್ಣ ಸಣ್ಣ ಝರಿಗಳು ಇಳಿದು ಒಂದಾಗುತ್ತವೆ. ಇರ್ಪಿನಲ್ಲಿ ಧುಮುಕುವ ಹೊತ್ತಿಗೆ ಅದು ಹೊಳೆಯಾಗಿರುತ್ತದೆ.

ಬ್ರಹ್ಮಗಿರಿ ಅಂದರೆ ತಲಕಾವೇರಿಯ ಬೆಟ್ಟ ಅಲ್ವಾ?

ಅದೂ ಬ್ರಹ್ಮಗಿರಿಯೇ, ಇದೂ ಬ್ರಹ್ಮಗಿರಿಯೇ. ಗೊಂದಲ ಇರುವುದೇ ಇಲ್ಲಿ. ತಲಕಾವೇರಿಯಲ್ಲಿ ಕಾವೇರಿ ಹುಟ್ಟುವ ಜಾಗದ ಮೇಲಿನ ಬೆಟ್ಟಕ್ಕೂ ಬ್ರಹ್ಮಗಿರಿ ಅನ್ನುತ್ತಾರೆ. ಅದು ಭಾಗಮಂಡಲದ ಕಡೆ, ಜಿಲ್ಲೆಯ ಪಶ್ಚಿಮಕ್ಕೆ. ನಮ್ಮದು ಕುಟ್ಟ, ಶ್ರೀಮಂಗಲದ ಕಡೆ, ದಕ್ಷಿಣಕ್ಕೆ. ಬ್ರಹ್ಮಗಿರಿ ವನ್ಯಜೀವಿಧಾಮ ಅಂತ 1974ರಲ್ಲಿ ಘೋಷಣೆಯಾದದ್ದು ದಕ್ಷಿಣದ ಕಾಡು, ಸುಮಾರು 181 ಚದರ ಕಿಲೋಮೀಟರ್.

ಒಂದು ಸಲ ಅಕ್ಕನ ಮನೆಗೆ ಬರಬೇಕಿದ್ದ ಒಂದು ಕುಟುಂಬ, ವಯಸ್ಸಾದ ತಂದೆ ತಾಯಿ ಜೊತೆ, ಬಾಡಿಗೆ ಕಾರಿನಲ್ಲಿ ಹೊರಟಿತ್ತು. ಚಾಲಕನಿಗೆ ಹೇಳಿದ್ದು "ಬ್ರಹ್ಮಗಿರಿ" ಅಂತ ಮಾತ್ರ. ಅವನು ಭಾಗಮಂಡಲದ ದಾರಿ ಹಿಡಿದ. ಅಲ್ಲಿ ತಲುಪಿದ ಮೇಲೆ ಫೋನ್ ಬಂತು. ಜುಲೈ ತಿಂಗಳು, ಕತ್ತಲಾಗುತ್ತಿತ್ತು, ಮಂಜು ಬೇರೆ. ಅವರು ನಮ್ಮ ಮನೆ ಸೇರಿದ್ದು ರಾತ್ರಿ ಹತ್ತೂವರೆಗೆ. ಆ ಅಜ್ಜಿ ನಡುಗುತ್ತಾ ಒಲೆ ಮುಂದೆ ಕೂತಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಆವತ್ತಿನಿಂದ ನಾವು ಯಾರಿಗೂ ಸುಮ್ನೆ ಬ್ರಹ್ಮಗಿರಿ ಅಂತ ಹೇಳುವುದಿಲ್ಲ. "ಇರ್ಪು, ಶ್ರೀಮಂಗಲದ ಮೇಲೆ" ಅಂತ ಬಿಡಿಸಿ ಹೇಳುತ್ತೇವೆ. ನೀವೂ ಹಾಗೇ ಕೇಳಿ.

ಲಕ್ಷ್ಮಣತೀರ್ಥ ಅನ್ನುವ ಹೆಸರು ಹೇಗೆ ಬಂತು?

ಇಲ್ಲಿ ಎಲ್ಲರೂ ಹೇಳುವ ಕಥೆ ಇದು. ರಾಮ ಲಕ್ಷ್ಮಣರು ಸೀತೆಯನ್ನು ಹುಡುಕುತ್ತಾ ಈ ಬೆಟ್ಟದ ಮೇಲೆ ಬಂದರು. ರಾಮನಿಗೆ ಬಾಯಾರಿಕೆ. ಲಕ್ಷ್ಮಣ ಬ್ರಹ್ಮಗಿರಿಗೆ ಬಾಣ ಹೊಡೆದ, ನೀರು ಚಿಮ್ಮಿತು.

ಇನ್ನೊಂದು ಕಥೆಯೂ ಇದೆ. ನನಗೆ ಅದೇ ಇಷ್ಟ. ಈ ದಾರಿಯಲ್ಲಿ ಬರುವಾಗ ಲಕ್ಷ್ಮಣನಿಗೆ ಅಣ್ಣನ ಮೇಲೆ ತಡೆಯಲಾರದ ಸಿಟ್ಟು ಬಂತಂತೆ. ಬಾಯಿಗೆ ಬಂದಂತೆ ಮಾತಾಡಿದ. ಸ್ವಲ್ಪ ದೂರ ಹೋದ ಮೇಲೆ ತಾನು ಆಡಿದ ಮಾತು ನೆನೆದು ಮನಸ್ಸು ಒಡೆಯಿತು. ಬೆಂಕಿ ಹಾಕಿ ಅದರೊಳಗೆ ಬೀಳಲು ಹೊರಟ. ರಾಮ ನೀರು ತರಿಸಿ ಬೆಂಕಿ ಆರಿಸಿದ, ತಮ್ಮನನ್ನು ಉಳಿಸಿಕೊಂಡ. ಆ ನೀರೇ ಈ ಹೊಳೆ. ನಮ್ಮಜ್ಜಿ ಈ ಕಥೆ ಹೇಳುತ್ತಿದ್ದದ್ದು ನಾನೂ ಅಣ್ಣನೂ ಜಗಳವಾಡಿ ಊಟ ಬಿಟ್ಟು ಕೂತಾಗ. ಕಥೆ ಮುಗಿಯುವ ಹೊತ್ತಿಗೆ ಇಬ್ಬರ ತಟ್ಟೆಗೂ ಅನ್ನ ಬಿದ್ದಿರುತ್ತಿತ್ತು.

ತೀರ್ಥ ಅಂದರೆ ನಮಗೆ ದೇವಸ್ಥಾನದಲ್ಲಿ ಅಂಗೈಗೆ ಹಾಕುವ ನೀರು. ಸಂಸ್ಕೃತದಲ್ಲಿ ಆ ಮಾತಿಗೆ ದಾಟುವ ಜಾಗ, ನೀರಿಗಿಳಿಯುವ ಕಡವು ಅನ್ನುವ ಅರ್ಥವೂ ಇದೆ. ಇರ್ಪಿನಲ್ಲಿ ಎರಡೂ ಅರ್ಥ ಸರಿಹೋಗುತ್ತವೆ. ಕೆಳಗೆ ರಾಮೇಶ್ವರ ದೇವಸ್ಥಾನ, ಶಿವರಾತ್ರಿಗೆ ಜನ ಬಂದು ಹೊಳೆಯಲ್ಲಿ ಮುಳುಗಿ ಏಳುತ್ತಾರೆ.

ಹಾಗಾದರೆ ರಾಮತೀರ್ಥವೂ ಇದೆಯಾ?

ಇದೆ. ಅದು ಬೇರೆ ಹೊಳೆ. ಹರಿದು ಬಂದು ಲಕ್ಷ್ಮಣತೀರ್ಥವನ್ನೇ ಸೇರುತ್ತದೆ. ಸೇರಿದ ಮೇಲೆ ತಮ್ಮನ ಹೆಸರೇ ಉಳಿಯುತ್ತದೆ. ಅಣ್ಣನ ಹೆಸರು ಬಿಟ್ಟು ತಮ್ಮನ ಹೆಸರನ್ನು ಕೊನೆಯವರೆಗೆ ಹೊತ್ತ ಹೊಳೆ ಬೇರೆ ಎಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಕೆಲವರು ಹೊಳೆ ಅನ್ನುತ್ತಾರೆ, ಕೆಲವರು ಪೊಳೆ ಅನ್ನುತ್ತಾರೆ. ಯಾವುದು ಸರಿ?

ಎರಡೂ ಸರಿ. ಈ ಪ್ರಶ್ನೆ ಬಂದರೆ ನನಗೆ ಖುಷಿ.

ಹೊಳೆ ಕನ್ನಡ, ಪೊಳೆ ಕೊಡವ ತಕ್ಕ್, ಅಂದರೆ ಕೊಡವರ ಮಾತು. ಹಳಗನ್ನಡದಲ್ಲಿ ಪದದ ಮೊದಲಿಗಿದ್ದ ಪಕಾರ ಕಾಲ ಕಳೆದಂತೆ ಹಕಾರವಾಯಿತು. ಪಾಲು ಹಾಲಾಯಿತು, ಪೂ ಹೂವಾಯಿತು, ಪತ್ತು ಹತ್ತಾಯಿತು. ಕೊಡವ ತಕ್ಕ್ ಆ ಹಳೆಯ ಪಕಾರವನ್ನು ಬಿಡಲಿಲ್ಲ. ಅಲ್ಲಿ ಇವತ್ತಿಗೂ ಹಾಲು ಪಾಲೇ. ಕೊಡಗಿನ ಸುಗ್ಗಿ ಹಬ್ಬವನ್ನೇ ನೋಡಿ. ಕನ್ನಡದಲ್ಲಿ ಹುತ್ತರಿ ಅನ್ನುತ್ತೇವೆ, ಕೊಡವರ ಮನೆಯಲ್ಲಿ ಅದು ಪುತ್ತರಿ. ಹೊಸ ಅಕ್ಕಿ ಅಂತ ಅರ್ಥ. ಹುತ್ತರಿಗೂ ಪುತ್ತರಿಗೂ ಇರುವ ಸಂಬಂಧವೇ ಹೊಳೆಗೂ ಪೊಳೆಗೂ. ಬೆಟ್ಟ ದಾಟಿ ಕೇರಳಕ್ಕೆ ಇಳಿದರೆ ಮಲಯಾಳದಲ್ಲಿ ಅದು ಪುಳ. ಮೂರೂ ಒಂದೇ ಬೇರಿನ ಮಾತು.

ಆದ್ದರಿಂದ ಬರಪೊಳೆ ಅಂತ ಬೋರ್ಡ್ ಕಂಡರೆ ತಪ್ಪು ಬರೆದಿದ್ದಾರೆ ಅಂದುಕೊಳ್ಳಬೇಡಿ. ಗೋಣಿಕೊಪ್ಪದಲ್ಲಿ ಕೀರೆಹೊಳೆ ಅಂತ ಕಂಡರೆ ಅದೂ ತಪ್ಪಲ್ಲ. ಹೆಸರಿಟ್ಟವರು ಯಾವ ಮಾತಾಡುತ್ತಿದ್ದರು ಅನ್ನುವುದು ಆ ಹೆಸರಿನಲ್ಲೇ ಉಳಿದಿದೆ. ಇದನ್ನು "ಸರಿ ಮಾಡಲು" ಹೋಗುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ನಮ್ಮ ದಾರಿಯಲ್ಲೇ ಒಂದು ಹಳೆಯ ಕಬ್ಬಿಣದ ಫಲಕ ಇತ್ತು. ಬಣ್ಣ ಎದ್ದು ಹೋಗಿದ್ದರೂ ಪೊಳೆ ಅನ್ನುವ ಅಕ್ಷರ ಉಬ್ಬಿಕೊಂಡಿತ್ತು, ಕೈಯಿಟ್ಟರೆ ಬೆರಳಿಗೆ ಸಿಗುತ್ತಿತ್ತು. ರಸ್ತೆ ಅಗಲ ಮಾಡಿದಾಗ ಅದನ್ನು ಕಿತ್ತು ಹೊಸ ಹಸಿರು ಫಲಕ ಹಾಕಿದರು. ಅದರಲ್ಲಿ ಹೊಳೆ ಅಂತಿದೆ. ನಾನು ಅರ್ಜಿ ಕೊಟ್ಟು ಬಂದೆ, ಬದಲಾಗಲಿಲ್ಲ. ಆದರೂ ಅಕ್ಕಪಕ್ಕದವರ ಬಾಯಲ್ಲಿ ಅದು ಪೊಳೆಯೇ.

ಇನ್ನು ಸಣ್ಣ ನೀರಿಗೆ ತೋಡು ಅನ್ನುತ್ತೇವೆ. ಗದ್ದೆ ಅಂಚಿನಲ್ಲಿ, ತೋಟದ ಮಧ್ಯೆ ಹರಿಯುವುದು ತೋಡು. ಧುಮುಕುವ ನೀರು ಅಬ್ಬಿ. ಮಡಿಕೇರಿ ಹತ್ತಿರದ ಅಬ್ಬಿ ಫಾಲ್ಸ್ ಹೆಸರಿನಲ್ಲಿ ಜಲಪಾತ ಅನ್ನುವ ಮಾತು ಎರಡು ಸಲ ಬಂದಿದೆ, ಗಮನಿಸಿದ್ದೀರಾ?

ನರಿಮಲೆಯಲ್ಲಿ ನರಿ ಜಾಸ್ತಿ ಇವೆಯಾ?

ಇರ್ಪಿನಿಂದ ಬ್ರಹ್ಮಗಿರಿ ಹತ್ತುವ ದಾರಿಯಲ್ಲಿ ನರಿಮಲೆ ಅಂತ ಒಂದು ಜಾಗ ಬರುತ್ತದೆ, ಅರಣ್ಯ ಇಲಾಖೆಯ ಕಟ್ಟಡ ಇದೆ. ಕನ್ನಡ ಓದುವವರು ನರಿ ಬೆಟ್ಟ ಅಂದುಕೊಳ್ಳುತ್ತಾರೆ. ಕೊಡವ ತಕ್ಕ್‌ನಲ್ಲಿ ನರಿ ಅಂದರೆ ಹುಲಿ. ಹಿಂದೆ ಹುಲಿ ಹೊಡೆದವನಿಗೆ ಮದುವೆಯ ಹಾಗೇ ಮಾಡುತ್ತಿದ್ದ ಸನ್ಮಾನಕ್ಕೆ ನರಿಮಂಗಲ ಅಂತಲೇ ಹೆಸರು. ಹಾಗಾಗಿ ನರಿಮಲೆ ಅಂದರೆ ಹುಲಿಬೆಟ್ಟ. ಈ ಒಂದು ಮಾತು ತಿಳಿದುಕೊಂಡು ಹತ್ತಿದರೆ ಕಾಡಿನಲ್ಲಿ ನಡೆಯುವ ರೀತಿಯೇ ಬೇರೆಯಾಗುತ್ತದೆ. ಅಲ್ಲಿಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು.

ಇರ್ಪು, ಇರುಪು, ಇರುಪ್ಪು: ಹೇಗೆ ಬರೆಯಬೇಕು?

ಮೂರೂ ಚಾಲ್ತಿಯಲ್ಲಿವೆ. ಬಸ್ಸಿನಲ್ಲಿ ಯಾವುದು ಹೇಳಿದರೂ ಇಳಿಸುತ್ತಾರೆ. ನಾನು ಇರ್ಪು ಅಂತ ಬರೆಯುತ್ತೇನೆ.

ಜಲಪಾತ ಎಷ್ಟು ಎತ್ತರ? ಯಾವಾಗ ಬರಬೇಕು?

ಸುಮಾರು 170 ಅಡಿ. ಒಂದೇ ಏಟಿಗೆ ಬೀಳುವುದಿಲ್ಲ, ಹಂತ ಹಂತವಾಗಿ ಇಳಿಯುತ್ತದೆ. ವಿರಾಜಪೇಟೆಯಿಂದ 48 ಕಿಲೋಮೀಟರ್. ದೇವಸ್ಥಾನದ ತನಕ ವಾಹನ, ಅಲ್ಲಿಂದ ಮರಗಳ ನಡುವೆ ಮೆಟ್ಟಿಲು ಹತ್ತಬೇಕು.

ಜೂನ್‌ನಿಂದ ಸೆಪ್ಟೆಂಬರ್ ತನಕ ನೀರು ಭೋರ್ಗರೆಯುತ್ತದೆ. ನೋಡಲು ಭಾರಿ ಚೆಂದ, ನೀರಿಗೆ ಇಳಿಯುವುದಂತೂ ಬೇಡವೇ ಬೇಡ. ಕೆಳಗೆ ಬಿಸಿಲಿದ್ದರೂ ಮೇಲೆ ಬೆಟ್ಟದಲ್ಲಿ ಮಳೆ ಹೊಡೆದಿರುತ್ತದೆ. ತಿಳಿನೀರು ಇದ್ದಕ್ಕಿದ್ದಂತೆ ಕೆಂಪಾಗಿ, ಎಲೆ ಕಡ್ಡಿ ತೇಲಿ ಬಂತು ಅಂದರೆ ತಕ್ಷಣ ಮೇಲೆ ಬನ್ನಿ. ಇಂಬಳದ (ಜಿಗಣೆಯ) ಕಾಟಕ್ಕೆ ಉಪ್ಪೋ ಸುಣ್ಣವೋ ಇಟ್ಟುಕೊಳ್ಳಿ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಅಕ್ಟೋಬರ್ ಆದ ಮೇಲೆ ಬನ್ನಿ. ಮಳೆ ನಿಂತಿರುತ್ತದೆ, ನೀರು ಇನ್ನೂ ಚೆನ್ನಾಗಿರುತ್ತದೆ.

ದಯವಿಟ್ಟು ಜಲಪಾತದ ಕೆಳಗೆ ಸೋಪು, ಶಾಂಪೂ ಹಾಕಬೇಡಿ. ಆ ನೀರು ಕೆಳಗೆ ನಮ್ಮ ಗದ್ದೆಗೂ ದನಗಳಿಗೂ ಬರುತ್ತದೆ.

ಮಳೆ ನಿಂತು ತಿಂಗಳುಗಳಾದರೂ ನೀರು ಎಲ್ಲಿಂದ ಬರುತ್ತದೆ?

ಬೆಟ್ಟದ ಹುಲ್ಲು ಮತ್ತು ಶೋಲಾದಿಂದ. ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದು ಸುಲಭ. ನಾನು ಒಮ್ಮೆ ಫೆಬ್ರವರಿಯಲ್ಲಿ ಅನುಮತಿ ತೆಗೆದುಕೊಂಡು ಮೇಲೆ ಹೋಗಿದ್ದೆ. ಹುಲ್ಲು ಒಣಗಿ ಬಂಗಾರದ ಬಣ್ಣಕ್ಕೆ ತಿರುಗಿತ್ತು. ಕಾಲಿಟ್ಟರೆ ಚರಚರ ಅನ್ನುತ್ತಿತ್ತು. ಹತ್ತು ಹೆಜ್ಜೆ ಇಳಿದು ಶೋಲಾದೊಳಗೆ ಹೊಕ್ಕರೆ ತಣ್ಣಗೆ, ಕತ್ತಲು. ಕುಳ್ಳ ಮರಗಳು, ಕೊಂಬೆಯ ತುಂಬಾ ಪಾಚಿ. ನೆಲದಲ್ಲಿ ಕೊಳೆತ ಎಲೆಯ ಹಾಸು ಇತ್ತು. ಜೊತೆಗೆ ಬಂದಿದ್ದ ವಾಚರ್ ಅಣ್ಣ ಒಂದು ಹಿಡಿ ಎತ್ತಿ ನನ್ನ ಅಂಗೈಗೆ ಹಾಕಿ, "ಹಿಂಡಿ ನೋಡಿ" ಅಂದರು. ಹಿಂಡಿದೆ. ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿತು. ಮಳೆ ಬಿದ್ದು ಎರಡು ತಿಂಗಳ ಮೇಲಾಗಿತ್ತು.

ಮುಂಗಾರಿನಲ್ಲಿ ಬೆಟ್ಟಕ್ಕೆ ಬಿದ್ದ ನೀರೆಲ್ಲ ಒಂದೇ ದಿನ ಹರಿದು ಹೋಗುವುದಿಲ್ಲ. ಹುಲ್ಲಿನ ಬೇರು ತಡೆಯುತ್ತದೆ, ಎಲೆಯ ಹಾಸು ಹೀರುತ್ತದೆ, ಮಣ್ಣು ಒಳಗೆ ಎಳೆದುಕೊಳ್ಳುತ್ತದೆ. ಆಮೇಲೆ ನಿಧಾನಕ್ಕೆ ಬಿಡುತ್ತದೆ. ಬೇಸಿಗೆಯಲ್ಲಿ ಇರ್ಪಿನಲ್ಲಿ ಕಾಣುವ ತೆಳ್ಳನೆಯ ಬಿಳಿ ದಾರ ಕಕ್ಕಡದ ಮಳೆಯ ನೀರು ಅಂತ ನಾನು ಅತಿಥಿಗಳಿಗೆ ಹೇಳುತ್ತೇನೆ. ಕಕ್ಕಡ ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕೊಡವ ತಿಂಗಳು, ನಮ್ಮಲ್ಲಿ ಮಳೆ ಜಡಿಯುವ ಕಾಲ. ಹುಲ್ಲಿಗೆ ಬೆಂಕಿ ಬಿದ್ದ ವರ್ಷ ನಮಗೆ ಚಿಂತೆಯಾಗುವುದು ಇದಕ್ಕೇ.

ನಾಗರಹೊಳೆ ಅಂದರೆ ಇದೇ ಹೊಳೆನಾ?

ಅಲ್ಲ. ಎರಡೂ ಹತ್ತಿರ ಹತ್ತಿರ ಇರುವುದರಿಂದ ಹಾಗೆ ಅನಿಸುತ್ತದೆ. ನಾಗರಹೊಳೆ ಕಾಡಿನೊಳಗಿನ ಬೇರೆ ಹೊಳೆ, ಹಾವಿನ ಹಾಗೆ ಬಳುಕಿ ಹರಿಯುವುದರಿಂದ ಆ ಹೆಸರು ಅನ್ನುತ್ತಾರೆ. ಅದು ಕಬಿನಿಗೆ ಹೋಗುತ್ತದೆ. ಇಡೀ ಕಾಡಿಗೆ ಆ ಸಣ್ಣ ಹೊಳೆಯ ಹೆಸರೇ ಬಂತು. 1955ರಲ್ಲಿ ಅಭಯಾರಣ್ಯ, 1988ರಲ್ಲಿ ರಾಷ್ಟ್ರೀಯ ಉದ್ಯಾನ, ಈಗ 643 ಚದರ ಕಿಲೋಮೀಟರ್. ಆಮೇಲೆ ರಾಜೀವ್ ಗಾಂಧಿ ಅವರ ಹೆಸರನ್ನೂ ಇಟ್ಟರು. ಜನ ಮಾತ್ರ ಹೊಳೆಯ ಹೆಸರನ್ನೇ ಹೇಳುತ್ತಾರೆ.

ಬರಪೊಳೆಯೂ ಬ್ರಹ್ಮಗಿರಿ ಕಡೆಯದೇ ಅಲ್ವಾ? ಅದು ಯಾಕೆ ಕೇರಳಕ್ಕೆ ಹೋಗುತ್ತದೆ?

ಹೌದು, ಅದೂ ಇದೇ ಬೆಟ್ಟಸಾಲಿನ ನೀರು. ಬೆಟ್ಟದ ಬೆನ್ನು ಮನೆಯ ಮಾಡಿನ ಹಾಗೆ ಅಂದುಕೊಳ್ಳಿ. ಹೆಂಚಿನ ಈಚೆ ಬಿದ್ದ ಹನಿ ಈಚೆ ಸೂರಿಗೆ, ಆಚೆ ಬಿದ್ದದ್ದು ಆಚೆ ಸೂರಿಗೆ.

ಪಶ್ಚಿಮಕ್ಕೆ ಇಳಿದ ನೀರು ಬರಪೊಳೆ. ರಾಫ್ಟಿಂಗ್ ಮಾಡುವವರಿಗೆಲ್ಲ ಗೊತ್ತು. ಅದು ಗಡಿ ದಾಟಿ ಕಣ್ಣೂರು ಜಿಲ್ಲೆಯಲ್ಲಿ ವಳಪಟ್ಟಣಂ ನದಿಗೆ ಸೇರಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಈಶಾನ್ಯಕ್ಕೆ ಇಳಿದದ್ದು ನಮ್ಮ ಲಕ್ಷ್ಮಣತೀರ್ಥ, ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ. ವಯನಾಡಿನ ತಿರುನೆಲ್ಲಿ ಕಡೆ ಇಳಿದದ್ದು ಕೇರಳಕ್ಕೆ ಹೋದ ಹಾಗೆ ಕಾಣುತ್ತದೆ. ಆದರೆ ಅದು ಕಬಿನಿ ಸೇರಿ ಮತ್ತೆ ಕರ್ನಾಟಕಕ್ಕೇ ಬರುತ್ತದೆ. ಕಬಿನಿ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಬ್ರಹ್ಮಗಿರಿಯ ನೆತ್ತಿಯಲ್ಲಿ ಬೇರೆಯಾದ ಎರಡು ಹನಿ ಅಷ್ಟು ದೂರ ಸುತ್ತಿ ಅಲ್ಲಿ ಸಿಗುತ್ತವೆ.

ಒಂದೇ ಹೊಳೆಗೆ ಊರಿಗೊಂದು ಹೆಸರು ಇರುತ್ತದಾ?

ಕೊಡಗಿನಲ್ಲಿ ಹುಟ್ಟುವ ಪಯಸ್ವಿನಿ ಸುಳ್ಯದ ತನಕ ಪಯಸ್ವಿನಿ, ಕಾಸರಗೋಡಿನಲ್ಲಿ ಚಂದ್ರಗಿರಿ. ಲಕ್ಷ್ಮಣತೀರ್ಥಕ್ಕೆ ಹಾಗಿಲ್ಲ. ಬೆಟ್ಟದಿಂದ ಕೊನೆ ತನಕ ಒಂದೇ ಹೆಸರು. 1956ರ ತನಕ ಕೊಡಗು ಬೇರೆ ರಾಜ್ಯ, ಹೊಳೆ ಮುಂದೆ ಹಾದು ಹೋಗುವ ಹುಣಸೂರು ಮೈಸೂರು ರಾಜ್ಯದಲ್ಲಿ. ಆಗ ಈ ಸಣ್ಣ ಹೊಳೆ ಎರಡು ರಾಜ್ಯಗಳದ್ದು. ಆಗಲೂ ಹೆಸರು ಬದಲಾಗಲಿಲ್ಲ.

ಕೊಡಗಿನಲ್ಲಿ ಯಾವ ಊರುಗಳ ಪಕ್ಕ ಹರಿಯುತ್ತದೆ? ಪ್ರವಾಹ ಬರುತ್ತದಾ?

ಇರ್ಪು ಬಿಟ್ಟ ಮೇಲೆ ಶ್ರೀಮಂಗಲ, ಕಾನೂರು, ನಿಟ್ಟೂರು, ಬಾಳೆಲೆ ಕಡೆಗೆ. ಎಲ್ಲ ಈಗಿನ ಪೊನ್ನಂಪೇಟೆ ತಾಲ್ಲೂಕು, ಮೊದಲು ವಿರಾಜಪೇಟೆ ತಾಲ್ಲೂಕಿನಲ್ಲಿತ್ತು. ಬೆಟ್ಟ ಇಳಿದ ಕೂಡಲೇ ಹೊಳೆಯ ಓಟ ನಿಲ್ಲುತ್ತದೆ. ಎರಡೂ ಕಡೆ ಭತ್ತದ ಗದ್ದೆ ಚಪ್ಪಟೆಯಾಗಿದೆ. ಹಾಗಾಗಿ ಜೋರು ಮಳೆಗೆ ನೀರು ಅಗಲಕ್ಕೆ ಹರಡುತ್ತದೆ. ನಿಟ್ಟೂರು, ಬಾಳೆಲೆ ರಸ್ತೆಯ ಸೇತುವೆ ಮುಳುಗಿ ಓಡಾಟ ನಿಂತದ್ದು ಎಷ್ಟೋ ಸಲ.

2019ರ ಆಗಸ್ಟ್‌ನಲ್ಲಿ ನೀರು ಇಳಿದ ಮೇಲೆ ನಾನು ಹೊಳೆ ಬದಿ ಹೋಗಿದ್ದೆ. ಗದ್ದೆಯ ನಾಟಿ ಕಾಣುತ್ತಿರಲಿಲ್ಲ, ಬೂದುಬಣ್ಣದ ಹೂಳು ಮಾತ್ರ. ಬೇಲಿಯ ತಂತಿಗೆ ಒಣಹುಲ್ಲು, ಒಂದು ಮಗುವಿನ ಚಪ್ಪಲಿ, ಬಿದಿರಿನ ಎಲೆ ಸಿಕ್ಕಿಕೊಂಡಿದ್ದವು, ನನ್ನ ಎದೆಯ ಮಟ್ಟಕ್ಕೆ. ಪಕ್ಕದ ಗದ್ದೆಯವರು ಮಾತಾಡದೆ ಅದನ್ನು ಒಂದೊಂದಾಗಿ ಬಿಡಿಸುತ್ತಿದ್ದರು. ಹೊಳೆ ಬದಿ ಮನೆ ಕಟ್ಟಬೇಕು ಅನ್ನುವವರಿಗೆ ನಾನು ಆ ಬೇಲಿಯ ಮಟ್ಟವನ್ನೇ ತೋರಿಸುತ್ತೇನೆ.

ಹುಣಸೂರಿನಲ್ಲಿ ಸೇತುವೆ ಮೇಲಿಂದ ನೋಡಿದೆವು. ಅದು ಇದೇ ನೀರಾ?

ಇದೇ. ಕೊಡಗು ದಾಟಿದ ಮೇಲೆ ಹನಗೋಡಿನಲ್ಲಿ ಅಣೆಕಟ್ಟೆ ಇದೆ, ಕಾಲುವೆಗಳಿಗೆ ನೀರು ಹೋಗುತ್ತದೆ. ಅಲ್ಲಿಂದ ಮುಂದೆ ಹುಣಸೂರು. ಪಟ್ಟಣದ ಕೊಳಚೆ ಹೊಳೆ ಸೇರುವುದು ಹಳೆಯ ನೋವು. ಅಲ್ಲಿನ ಜನ ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ಬೇಸಿಗೆಯಲ್ಲಿ ಅಲ್ಲಿ ನಿಂತಾಗ ನನಗೆ ಶೋಲಾದ ಆ ಹಿಡಿ ಎಲೆ ನೆನಪಾಗಿ ಗಂಟಲು ಕಟ್ಟುತ್ತದೆ.

ಕಾವೇರಿಗೆ ಎಲ್ಲಿ ಸೇರುತ್ತದೆ? ಸಂಗಮ ನೋಡಬಹುದಾ?

ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ, ಸಾಗರಕಟ್ಟೆಯ ಹತ್ತಿರ. ಭಾಗಮಂಡಲದ ಹಾಗೆ ಎರಡು ನೀರು ಕೂಡುವುದನ್ನು ಕಣ್ಣಲ್ಲಿ ನೋಡಲು ಆಗುವುದಿಲ್ಲ. ಅಣೆಕಟ್ಟಿನ ಕೆಲಸ 1911ರಲ್ಲಿ ಶುರುವಾಗಿ 1930ರ ದಶಕದ ಮೊದಲಲ್ಲಿ ಮುಗಿಯಿತು, ಸಂಗಮದ ಜಾಗ ನೀರಿನ ಕೆಳಗೆ ಹೋಯಿತು. ಸೇತುವೆ ಮೇಲೆ ನಿಂತರೆ ಕಾಣುವುದು ಒಂದೇ ದೊಡ್ಡ ನೀರು. ಸಂಜೆ ಹೊತ್ತು ಹೋಗಿ. ನೀರು ಕಡಿಮೆಯಿದ್ದ ತಿಂಗಳಲ್ಲಿ ದಡದ ಕೆಸರು ಹೊರಗೆ ಬಿದ್ದಿರುತ್ತದೆ, ಬೆಳ್ಳಕ್ಕಿಗಳು ಓಡಾಡುತ್ತಿರುತ್ತವೆ. ಲಕ್ಷ್ಮಣತೀರ್ಥ ಯಾವ ಕಡೆಯಿಂದ ಬಂತು ಅಂತ ಅಲ್ಲಿ ಮೀನು ಹಿಡಿಯುವವರನ್ನು ಕೇಳಿದರೆ ಕೈ ತೋರಿಸುತ್ತಾರೆ.